ಅಟ್ಟೆ ಮಾಮನ ನವಿಲು

ಹೋದ ವಾರ ಡಿಪ್ಲೊಮಾ ಕಾಲೇಜಿನ ಪ್ರಾಜೆಕ್ಟಿಗೆ ರಟ್ಟು ಕತ್ತರಿಸುತ್ತಿದ್ದೆ. ಒದ್ದೆ ಹುಲ್ಲು, ಗೋಂದು, ತುಸು ಯಂತ್ರದ ಎಣ್ಣೆ... ಅಂಥದೊಂದು ವಾಸನೆ ಎದ್ದಿತು. ಪಕ್ಕದ ಮನೆಯ ಮಾಮ ನೆನಪಾದರು. ಎಣ್ಣೆಯನ್ನು ನಾನೇ ಸೇರಿಸಿಕೊಂಡಿರಬೇಕು. ಅಂಗಡಿಯಿಂದ ತಂದ ಹೊಸ ರಟ್ಟಿಗೆ ಎಣ್ಣೆಯ ವಾಸನೆ ಎಲ್ಲಿಂದ ಬರಬೇಕು?

ಮಾಮ ನಮಗೆ ಸಂಬಂಧಿಕರಲ್ಲ. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಹಗಲೆಲ್ಲ ಮಗ್ಗಗಳ ಒಂದೇ ಸಮನೆ ಗದ್ದಲ. ಅವರ ಮನೆಯಿಂದ ಮಾತ್ರ ಟಕ್... ಟಕ್... ಎಂದು ಯೋಚಿಸಿ ಯೋಚಿಸಿ ಬರುವ ಸದ್ದು. ಸೀರೆಯ ಅಂಚಿನ ಚಿತ್ರವನ್ನು ಚೌಕಗಳ ಹಾಳೆಯ ಮೇಲೆ ಬರೆದು, ಅದನ್ನು ನೋಡಿಕೊಂಡು ಉದ್ದನೆಯ ರಟ್ಟಿನ ಪಟ್ಟಿಗಳಿಗೆ ತೂತು ಹೊಡೆಯುವುದು ಅವರ ಕೆಲಸ. ಆ ಪಟ್ಟಿಗೆ ಅಟ್ಟೆ ಎನ್ನುತ್ತಾರೆ. ಮಗ್ಗದ ಮೇಲೆ ಅಟ್ಟೆಗಳ ಸರ ತಿರುಗುವಾಗ, ತೂತು ಇದ್ದಲ್ಲಿ ನೂಲು ಮೇಲೇಳುತ್ತದೆ, ಇಲ್ಲದಲ್ಲಿ ಸುಮ್ಮನಿರುತ್ತದೆ. ಒಂದು ನವಿಲು ಮೂಡಲು ನೂರಾರು ಅಟ್ಟೆ.

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ನಮ್ಮ ಹೈಸ್ಕೂಲಿನಲ್ಲಿ ಕಂಪ್ಯೂಟರ್ ಆಟ ತಯಾರಿಸುವುದನ್ನು ಕಲಿಸುವ ತರಗತಿ ಶುರುವಾಯಿತು. ವಾರಕ್ಕೆ ಎರಡು ಮಧ್ಯಾಹ್ನ ಬೆಂಗಳೂರಿನಿಂದ ಒಬ್ಬ ಮಿಸ್ ಲ್ಯಾಪ್‌ಟಾಪ್‌ಗಳನ್ನು ಹೊತ್ತು ಬರುತ್ತಿದ್ದರು. ನನ್ನ ಆಟದಲ್ಲಿ ನವಿಲೊಂದು ಕಾಳು ಹೆಕ್ಕುತ್ತಾ ನಡೆಯಬೇಕಿತ್ತು. ಅದನ್ನು ಬಿಡಿಸಲು ಇದ್ದ ಜಾಗ ಇಪ್ಪತ್ನಾಲ್ಕು ಚೌಕ ಅಗಲ, ಅಷ್ಟೇ ಎತ್ತರ. ಎಷ್ಟು ಸಲ ಬಿಡಿಸಿದರೂ ನವಿಲಾಗಲಿಲ್ಲ. ಹಾಳೆ ಹಿಡಿದು ಮಾಮನ ಮನೆಗೆ ಹೋದೆ.

"ಇದು ನವಿಲಾ ತಲ್ಲೀ? ಬಸ್ರಿ ಕೋಳಿ ಕಣಮ್ಮ ಇದು!" ಎಂದು ನಕ್ಕರು. ಅವರ ಮನೆಮಾತು ತೆಲುಗು. ಬೀದಿಯ ಹೆಣ್ಣುಮಕ್ಕಳೆಲ್ಲ ಅವರಿಗೆ ತಲ್ಲಿ, ಅಂದರೆ ತಾಯಿ. ಚೌಕಕ್ಕೆ ಅವರು ಮನೆ ಎನ್ನುತ್ತಿದ್ದರು. "ಕಣ್ಣಿಗೆ ಒಂದೇ ಮನೆ ಖಾಲಿ ಬಿಡು. ಎರಡು ಬಿಟ್ರೆ ಗೂಬೆ ಆಗೋಗ್ತದೆ. ಕತ್ತನ್ನ ಒಂದೇ ಸಲಕ್ಕೆ ಬಗ್ಗಿಸ್ಬೇಡ, ಒಂದೊಂದೇ ಮನೆ ಜರುಗಿಸ್ಕೊಂಡು ಬಾ."

ಒಂದು ತಿಂಗಳು ದಿನಾ ಹೋಗಿ ಕಲಿತೆ ಎಂದು ಎಲ್ಲರಿಗೂ ಹೇಳುತ್ತೇನೆ. ಮೂರೋ ನಾಲ್ಕೋ ಸಲ ಹೋಗಿರಬಹುದು.

ತರಗತಿ ಮುಗಿದ ದಿನ ಶಾಲೆಯ ಸಭಾಂಗಣದಲ್ಲಿ ನಮ್ಮ ಆಟಗಳ ಪ್ರದರ್ಶನವಿತ್ತು. ಅಪ್ಪ ದುಡಿಯುವ ಮಗ್ಗಗಳ ಸಾಹುಕಾರರೇ ಅತಿಥಿ. ಮಾಮ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಪರದೆಯ ಮೇಲೆ ನವಿಲು ನಡೆಯಿತು. ಅಲ್ಲಿಗೆ ನಿಲ್ಲಿಸಬಹುದಿತ್ತು. ಯಾರೂ ಕೇಳದಿದ್ದರೂ ಮೈಕಿನಲ್ಲಿ ಹೇಳಿದೆ: "ಈ ನವಿಲನ್ನ ಅಟ್ಟೆಲಿ ಹೊಡೆಯೋಕೆ ಎಂಟು ದಿನ ಬೇಕು. ಇಲ್ಲಿ ಹತ್ತೇ ನಿಮಿಷ."

ಚಪ್ಪಾಳೆ ಬಿತ್ತು. ಸಾಹುಕಾರರು ಅಪ್ಪನ ಬೆನ್ನು ತಟ್ಟಿ, "ಏನಪ್ಪಾ, ಮಗಳನ್ನ ಇಷ್ಟು ದಿನ ಬಚ್ಚಿಟ್ಕೊಂಡಿದ್ದೆಯಲ್ಲ!" ಎಂದರು.

ಕೊನೆಗೆ ಮಿಸ್ ಒಂದು ಹಾಳೆ ಹಂಚಿ, ಈ ತರಗತಿಯಿಂದ ಏನು ಕಲಿತಿರೆಂದು ಬರೆಯಲು ಹೇಳಿದರು. ತಾಳ್ಮೆ, ಆತ್ಮವಿಶ್ವಾಸ, ಎಲ್ಲರೊಂದಿಗೆ ಕೂಡಿ ಕೆಲಸ ಮಾಡುವುದು ಎಂದು ಬರೆದೆ. ಮಿಸ್ ಪಕ್ಕದಲ್ಲೊಂದು ನಕ್ಷತ್ರ ಹಾಕಿದರು. ಮಾಮನ ಹೆಸರು ಬರೆಯಲು ಜಾಗವಿರಲಿಲ್ಲ ಎನ್ನುವಂತಿಲ್ಲ, ಕೆಳಗೆ ಎರಡು ಗೆರೆ ಖಾಲಿ ಉಳಿದಿದ್ದವು.

ಆ ಬೇಸಿಗೆಯಲ್ಲಿ ಸಾಹುಕಾರರು ಅಟ್ಟೆಯೇ ಬೇಡದ, ಕಂಪ್ಯೂಟರ್ ನಡೆಸುವ ಯಂತ್ರಗಳನ್ನು ಮಗ್ಗಗಳಿಗೆ ಕೂರಿಸಿದರು. ನಾನು ಹೇಳಿದ್ದಕ್ಕೆ ಕೂರಿಸಿದರೋ? ಮೊದಲೇ ತರಿಸಲು ಹೇಳಿದ್ದರೋ? ಗೊತ್ತಿಲ್ಲ. ಆ ಮಗ್ಗಗಳಿಗೆ ಮಾಮ ಹೊಡೆದುಕೊಟ್ಟಿದ್ದ ಹಳೆಯ ಚಿತ್ರಗಳೆಲ್ಲ ಕಂಪ್ಯೂಟರಿಗೆ ಹೋಗಬೇಕಿತ್ತು. ರಜೆಯಲ್ಲಿ ಮಗಳನ್ನು ಆಫೀಸಿಗೆ ಕಳಿಸು ಎಂದು ಸಾಹುಕಾರರು ಅಪ್ಪನಿಗೆ ಹೇಳಿದರು. "ಆಗಲ್ಲ ಅಂದ್ರೆ ನಾಳೆ ಅವರ ಮುಂದೆ ನಿಂತ್ಕೊಳೋದು ಹೆಂಗೆ?" ಎಂದರು ಅಪ್ಪ. ಅಪ್ಪನ ಮೇಲೆ ಹಾಕುವುದು ಸುಲಭ. ಆ ಆಫೀಸಿನ ದೊಡ್ಡ ಪರದೆಯ ಮುಂದೆ ಕೂರುವ ಆಸೆ ನನಗೂ ಇತ್ತು.

ಮಾಮನ ಹಳೆಯ ಹಾಳೆಗಳನ್ನು ಗೆದ್ದಲು ತಿಂದಿತ್ತು. ಉಳಿದದ್ದು ಅಟ್ಟೆಗಳು ಮಾತ್ರ. ತೂತು ನೋಡಿ ಚಿತ್ರ ಓದಬಲ್ಲವರು ಇನ್ನಾರೂ ಇರಲಿಲ್ಲವಾದ್ದರಿಂದ ಅವರನ್ನೇ ಕರೆಸಿದರು. ಅಟ್ಟೆಯ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಅವರು ಓದುತ್ತಿದ್ದರು. "ತೂತು, ತೂತು, ಖಾಲಿ, ತೂತು... ಖಾಲಿ, ಖಾಲಿ..." ಅವರು ಹೇಳಿದಂತೆ ನಾನು ಪರದೆಯ ಚೌಕಗಳನ್ನು ತುಂಬುತ್ತಾ ಹೋದೆ. ಈ ಕಟ್ಟುಗಳು ಮುಗಿದರೆ ಅವರ ಕೆಲಸವೂ ಮುಗಿಯಿತೆಂದು ಇಬ್ಬರಿಗೂ ಗೊತ್ತಿತ್ತು.

ನನಗೆ ತೋಚಿದ್ದು ಒಂದೇ ಉಪಾಯ. ಬೇಕೆಂದೇ ತಪ್ಪು ಚೌಕ ತುಂಬಿದೆ. ಅಳಿಸಿ ಮತ್ತೆ ಮಾಡಿದೆ, ಮತ್ತೆ ತಪ್ಪಿದೆ. ಎರಡು ದಿನ ಮಾಮ ಅದೇ ಸಾಲನ್ನು ಮತ್ತೆ ಮತ್ತೆ ಓದಿ ಹೇಳಿದರು. ಮೂರನೆಯ ದಿನ ಅಟ್ಟೆಯಿಂದ ಕಣ್ಣೆತ್ತದೆ ಕೇಳಿದರು.

"ಬೇಕಂತ್ಲೇ ಮಾಡ್ತಿದೀಯಾ?"

ಆಗಷ್ಟೇ ತುಂಬಿದ ಚೌಕವನ್ನು ನಾನು ಅಳಿಸಿದೆ.

"ಮಾಡ್ಬೇಡ ತಲ್ಲೀ. ಸೀರೆ ಕೆಡ್ತದೆ."

ಆಮೇಲೆ ನಾನು ತಪ್ಪಲಿಲ್ಲ. ಶಾಲೆ ತೆರೆಯುವ ಹೊತ್ತಿಗೆ ಎಲ್ಲ ಕಟ್ಟುಗಳೂ ಮುಗಿದವು. ಪಕ್ಕದ ಮನೆಯ ಟಕ್ ಟಕ್ ಯಾವ ದಿನ ನಿಂತಿತೋ ಗಮನಿಸಲಿಲ್ಲ. ಮಾಮ ಹಿಂದೂಪುರಕ್ಕೆ, ಮಗಳ ಮನೆಗೆ ಹೊರಟುಹೋದರು. ಆಟೋದಿಂದ ಕೈ ಬೀಸಿದ್ದು ನನಗೆ ಚೆನ್ನಾಗಿ ನೆನಪಿದೆ. "ನೀನೆಲ್ಲಿದ್ದೆ ಆಗ? ಸ್ಕೂಲಲ್ಲಿದ್ದೆ," ಎನ್ನುತ್ತಾಳೆ ಅಮ್ಮ.

ನಿನ್ನೆ ಆ ಮಗಳು ಫೋನ್ ಮಾಡಿದ್ದರು. ಮಾಮ ತೀರಿಕೊಂಡು ನಾಲ್ಕು ದಿನವಾಯಿತಂತೆ. ಗೋಡೆಗೆ ಹಾಕಲು ಒಂದು ಫೋಟೊ ಬೇಕಿತ್ತು. "ಆಧಾರ್ ಕಾರ್ಡಿಂದು ಐತೆ ಕಣಮ್ಮ. ಅದ್ರಲ್ಲಿ ಅಪ್ಪ ಯಾರೋ ಕಳ್ಳನ್ ಥರ ಅವ್ರೆ. ನಿಮ್ ಸ್ಕೂಲ್ ಫಂಕ್ಷನ್ನಲ್ಲಿ ತೆಗ್ದಿರೋದು ಏನಾದ್ರೂ ಇದ್ಯಾ?"

ಮಿಸ್ ಆಗ ಕಳಿಸಿದ್ದ ವಿಡಿಯೊ ಹುಡುಕಿ ನೋಡಿದೆ. ಪರದೆ, ನವಿಲು, ಮೈಕ್ ಹಿಡಿದ ನಾನು. ಕೂತವರ ಕಡೆಗೆ ಕ್ಯಾಮೆರಾ ಒಮ್ಮೆಯೂ ತಿರುಗಿಲ್ಲ. ನಾನು ಆ ಮಾತು ಹೇಳುತ್ತೇನೆ, ಚಪ್ಪಾಳೆ ಕೇಳುತ್ತದೆ. ಯಾರ ಚಪ್ಪಾಳೆ ಎಂದು ತಿಳಿಯುವುದಿಲ್ಲ. ನಾಲ್ಕು ಸಲ ನೋಡಿ, ಆ ಮಗಳಿಗೆ ಫೋನ್ ಮಾಡಿ, ವಿಡಿಯೊದಲ್ಲಿ ಮಾಮ ಎಲ್ಲೂ ಬಿದ್ದಿಲ್ಲ ಎಂದೆ.

"ಮುಂದಿನ್ ಸಾಲಲ್ಲೇ ಕೂತಿದ್ರಂತಲ್ಲಮ್ಮ, ಹೆಂಗೆ ಬೀಳ್ದೆ ಹೋಯ್ತು?" ಎಂದರು ಅವರು. "ಎಲ್ಲರಿಗಿಂತ ಜಾಸ್ತಿ ಚಪ್ಪಾಳೆ ನಾನೇ ಹೊಡ್ದೆ ಅಂತ ಇಲ್ಲಿ ಬೀದಿಯೆಲ್ಲ ಹೇಳ್ಕೊಂಡ್ ತಿರುಗ್ತಿದ್ರು."

ನನ್ನ ನೆನಪಿನಲ್ಲಿ ಅವರು ಹಿಂದೆ, ಬಾಗಿಲ ಪಕ್ಕದಲ್ಲಿದ್ದಾರೆ. ನಾನು ಹತ್ತೇ ನಿಮಿಷ ಎಂದಾಗ ಎದ್ದು, ಚಪ್ಪಲಿ ಹುಡುಕಿ, ಹೊರಗೆ ಹೋಗುತ್ತಾರೆ. ಇಷ್ಟು ವರ್ಷ ಅದನ್ನೇ ನಂಬಿದ್ದೇನೆ. ಯಾವುದು ನಿಜವೆಂದು ಕೇಳೋಣವೆಂದರೆ...

"ಹೌದಕ್ಕ, ಮುಂದೇನೇ ಕೂತಿದ್ರು," ಎಂದೆ. "ಫೋಟೊ ಮಾತ್ರ ಇಲ್ಲ."