ಬೂದಿ ಬಿದ್ದ ಪಾತಿಯಲ್ಲಿ ಪುಂಡಿ ಚಿಗುರು

ಮೌಂಟನ್ ವ್ಯೂನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸಾಫ್ಟ್‌ವೇರ್ ಕಂಪನಿಗಳ ಬಸ್ಸುಗಳು ದೀಪ ಹಾಕಿಕೊಂಡು ಒಂದರ ಹಿಂದೊಂದು ಹೊರಟಿವೆ. ಕಾಫಿ ಅಂಗಡಿಯ ಹಿಂಬಾಗಿಲಲ್ಲಿ ವೈಕುಂಠ ಅವರು ನಿನ್ನೆಯ ಕಾಫಿ ಚರಟದ ಬಕೆಟ್ಟುಗಳನ್ನು ಕೈಗಾಡಿಗೆ ಏರಿಸುತ್ತಿದ್ದಾರೆ. ಎಪ್ಪತ್ತರ ಹತ್ತಿರದ ವಯಸ್ಸು, ಒಂದು ಮಂಡಿ ಮಡಚುವುದಿಲ್ಲ. ಬಸ್ಸಿನ ಕಿಟಕಿಯಿಂದ ಯಾರೂ ಅವರತ್ತ ನೋಡುವುದಿಲ್ಲ.

ಗಾಡಿ ಹೋಗಿ ನಿಲ್ಲುವುದು ನೆರೆಹೊರೆಯವರೆಲ್ಲ ಸೇರಿ ನಡೆಸುವ ತೋಟದಲ್ಲಿ. ಮನೆಗೊಂದು ಪಾತಿ, ಒಬ್ಬರು ಬೆಂಡೆ ಹಾಕಿದರೆ ಇನ್ನೊಬ್ಬರು ಬಸಳೆ. ಬೆಳೆಯುವವರು ಶನಿವಾರ ಬರುತ್ತಾರೆ. ಉಳಿದ ದಿನ ಅಷ್ಟೂ ಪಾತಿಗಳ ಮಣ್ಣಿಗೆ ಗೊಬ್ಬರ ಉಣಿಸಿ ನೋಡಿಕೊಳ್ಳುವವರು ವೈಕುಂಠ. ಎಲೆಗೊಬ್ಬರದ ರಾಶಿಗೆ ಮೊಣಕೈವರೆಗೆ ಕೈ ತೂರಿಸುತ್ತಾರೆ. ಹಬೆ ಏಳುತ್ತದೆ. "ಇನ್ನೂ ಬಿಸಿ ಉಂಟು. ಈಗ ಹಾಕಿದ್ರೆ ಬೇರು ಬೇಯ್ತದೆ," ಎಂದು ಮತ್ತೆ ಮುಚ್ಚುತ್ತಾರೆ.

ಊರು ಉಡುಪಿಯ ಕಡೆ, ಮಲ್ಲಿಗೆ ಬೆಳೆದು ಮಾರುವ ಮನೆ. ಈ ದೇಶಕ್ಕೆ ಬಂದದ್ದು ಸ್ಯಾನ್ ಮಟಿಯೋದ ಹೋಟೆಲಿಗೆ ಅಡುಗೆಯವರಾಗಿ. ಮಂಡಿ ಕೈಕೊಟ್ಟ ಮೇಲೆ ಒಲೆಯ ಮುಂದೆ ನಿಲ್ಲುವುದಾಗಲಿಲ್ಲ. ತೋಟದ ಸಮಿತಿಯವರು ಬೆಳಗಿನ ಹೊತ್ತಿನ ಕೆಲಸಕ್ಕೆ ಕರೆದುಕೊಂಡರು.

ತೋಟದ ಮೂಲೆಯ ಪಾತಿಯೊಂದರ ಮುಂದೆ ಮಾತ್ರ ಅವರು ದಿನವೂ ಗಾಡಿ ನಿಲ್ಲಿಸುತ್ತಾರೆ. ಅದು ವಿಜಯಪುರದ ಕಡೆಯ ನೂರುನ್ನಿಸಾ ಅವರದಾಗಿತ್ತು. ಅವರು ತವರಿನಿಂದ ತಂದ ಪುಂಡಿ ಎಂಬ ಹುಳಿಸೊಪ್ಪಿನ ಬೀಜವನ್ನು ಪ್ರತಿ ವರ್ಷ ಬಿತ್ತಿ, ಸೊಪ್ಪು ತಿಂದು, ಕೊನೆಗೆ ಮತ್ತೆ ಬೀಜ ಹಿಡಿದಿಡುತ್ತಿದ್ದರು. ತಾಯಿ ಕೊಟ್ಟ ಬೀಜ.

"ನಮ್ಮಲ್ಲಿ ಮಲ್ಲಿಗೆಗೆ ಸುಡುಮಣ್ಣೇ ಔಷಧಿ ಮಾರಾಯ್ರೆ. ತರಗೆಲೆ, ಮಣ್ಣು ಸೇರಿಸಿ ನಿಧಾನ ಸುಡುವುದು. ಇಲ್ಲಿ ಬೆಂಕಿ ಕೊಟ್ರೆ ಫೈರ್ ಇಂಜಿನ್ ಬರ್ತದೆ. ಹಾಗಾಗಿ ಪಿಜ್ಜಾ ಅಂಗಡಿಯ ಸೌದೆ ಒಲೆಯ ಬೂದಿ ತಂದೆ. ಅಂಗಡಿ ಗೊಬ್ಬರ ಬೇಡ ಅಂದವರ ಪಾತಿಗೆಲ್ಲ ಬೊಗಸೆ ಬೊಗಸೆ ಹಾಕಿದೆ." ಈ ವರ್ಷ ಪಾತಿ ಚೆನ್ನಾಗಿದೆ, ಇದ್ದ ಬೀಜವನ್ನೆಲ್ಲ ಬಿತ್ತಿ ಅಕ್ಕ ಎಂದು ಆಗ ನೂರುನ್ನಿಸಾ ಅವರಿಗೆ ಹೇಳಿದವರೂ ವೈಕುಂಠ ಅವರೇ.

ಪುಂಡಿ ಒಂದು ಗೇಣು ಬಂತು. ಆಮೇಲೆ ಎಲೆಯ ನರ ಮಾತ್ರ ಹಸಿರುಳಿದು ಮಿಕ್ಕದ್ದೆಲ್ಲ ಹಳದಿ. ಅಂಗಡಿ ಗೊಬ್ಬರ ಹಾಕುವ ದಾವಣಗೆರೆಯ ಶಿವರುದ್ರಪ್ಪನವರ ಪಾತಿ ಪಕ್ಕದಲ್ಲೇ ಕಪ್ಪುಹಸಿರಾಗಿ ನಿಂತಿತ್ತು. "ಏನ್ರೀ ವೈಕುಂಠಪ್ಪ, ನಿಮ್ಮ ಆರ್ಗ್ಯಾನಿಕ್ಕು ಮೈತುಂಬ ಅರಿಶಿನ ಹಚ್ಕೊಂಡು ಕೂತೈತಲ್ಲ, ಮದುವೆ ಯಾವಾಗ?" ಎಂದರು ಅವರು. ಎಲ್ಲರೂ ನಕ್ಕರು. ನೂರುನ್ನಿಸಾ ನಗಲಿಲ್ಲ.

"ಅಣ್ಣಾರ, ಕೂಸಿಗಿ ಔಷಧ ಕೊಡೂ ಮುಂದ ಏನ್ ಬ್ಯಾನಿ ಅಂತ ಕೇಳೂದಿಲ್ಲೇನ್ರಿ?" ಅಷ್ಟೇ ಕೇಳಿದ್ದು.

ಆಮೇಲೆ ಮಣ್ಣು ಪರೀಕ್ಷೆಗೆ ಕಳಿಸಿದವರು ನಕ್ಕ ಶಿವರುದ್ರಪ್ಪನವರೇ. ಕಾರಣ ಆಗ ತಿಳಿಯಿತು. ಉಡುಪಿ ಕರಾವಳಿಯ ಮಳೆ ಮಣ್ಣನ್ನು ತೊಳೆದು ಹುಳಿ ಮಾಡುತ್ತದೆ. ಬೂದಿ ಆ ಹುಳಿಯನ್ನು ಮುರಿಯುತ್ತದೆ. ಇಲ್ಲಿ ಮಳೆ ಕಡಿಮೆ, ಈ ತೋಟದ ಮಣ್ಣು ಮೊದಲೇ ಕ್ಷಾರ. ಮೇಲೆ ಬೂದಿ ಬಿದ್ದು, ಮಣ್ಣಲ್ಲಿ ಕಬ್ಬಿಣದ ಸತ್ವವಿದ್ದರೂ ಬೇರಿಗೆ ದಕ್ಕಲಿಲ್ಲ. ಗಿಡ ಹೂ ಬಿಡುವ ಮೊದಲೇ ಒಣಗಿತು. ಬೀಜ ಉಳಿಯಲಿಲ್ಲ. ನೂರುನ್ನಿಸಾ ಅವರ ಊರಿನಲ್ಲಿ ಈಗ ತಾಯಿಯೂ ಇಲ್ಲ, ಆ ಬೀಜ ಬೆಳೆದ ಹೊಲವೂ ಇಲ್ಲ.

ನೂರುನ್ನಿಸಾ ಮಿಲ್ಪಿಟಾಸ್‌ನಲ್ಲಿರುವ ಮಗಳು ಹಫ್ಸಾಳ ಮನೆಗೆ ಹೋಗಿ ನೆಲೆಸಿದರು, ತೋಟಕ್ಕೆ ಬರುವುದು ಬಿಟ್ಟರು. ವೈಕುಂಠ ಆ ಪಾತಿಗೆ ಕ್ಷಾರ ಇಳಿಸಲೆಂದು ಗಂಧಕದ ಪುಡಿ, ಎಲೆಗೊಬ್ಬರ, ಕಾಫಿ ಚರಟ ಬೆರೆಸುತ್ತಾ ಮೂರು ಬೇಸಿಗೆ ಕಳೆದರು. ನೀರು ಬಿದ್ದರೆ ಗಟ್ಟಿಯಾಗುವ ತಮ್ಮ ಪಾತಿಗೆ ಶಿವರುದ್ರಪ್ಪನವರೂ ಈಗ ಸದ್ದಿಲ್ಲದೆ ಒಂದು ಪುಟ್ಟಿ ಎಲೆಗೊಬ್ಬರ ಒಯ್ಯುತ್ತಾರೆ. ಈ ಸಲ ಮೂಲೆಯ ಪಾತಿಯಲ್ಲಿ ಅಂಗಡಿಯ ಬೀಜದ ಪುಂಡಿ ಎದೆಯೆತ್ತರ ಬಂದಿದೆ. ಒಡೆಯರು ಬಾರದ ಪಾತಿ ಎಂದು ಸಮಿತಿ ಅದನ್ನು ತಿಂಗಳ ಕೊನೆಗೆ ಬೇರೆಯವರಿಗೆ ಕೊಡಲಿದೆ. ಅಷ್ಟರೊಳಗೆ ಅಕ್ಕ ಬಂದು ತಮ್ಮದೆನ್ನಬೇಕು ಎಂದು ವೈಕುಂಠ ಹಫ್ಸಾಳಿಗೆ ಫೋನು ಮಾಡಿಸಿದರು.

ಹೋದ ಶನಿವಾರ ನೂರುನ್ನಿಸಾ ಮಗಳೊಂದಿಗೆ ಬಂದರು. ಒಂದು ಎಲೆ ಕಿತ್ತು ಅಗಿದರು. "ಹುಳಿ ಐತ್ರಿ. ಆದ್ರ ನಮ್ಮವ್ವನ ಪುಂಡಿ ಅಲ್ಲ." ಬಗ್ಗಿ ಒಂದು ಹಿಡಿ ಮಣ್ಣು ಹಿಸುಕಿದರು. "ಮಣ್ಣ ಚಲೋ ಆಗೇದ ಅಣ್ಣಾರ. ನನ್ನ ಬೀಜ ಇದ್ದಿದ್ರ..." ಮಾತು ಅಲ್ಲಿಗೇ ನಿಂತಿತು. ಪಾತಿ ಬೇಡ, ಯಾರಿಗಾದರೂ ಕೊಡ್ರಿ ಎಂದು ಮಗಳ ಕೈ ಹಿಡಿದು ಹೊರಟರು. ವೈಕುಂಠ ಕಟ್ಟಿಟ್ಟಿದ್ದ ಸೊಪ್ಪಿನ ಕಂತೆ ಬೆಂಚಿನ ಮೇಲೇ ಉಳಿಯಿತು.

"ಬೈದಾದ್ರೂ ಆ ಮಾತು ಮುಗಿಸ್ಬೇಕಿತ್ತು ಅವ್ರು," ಎನ್ನುತ್ತಾರೆ ವೈಕುಂಠ, ಬಕೆಟ್ಟು ತೊಳೆದು ಬೋರಲು ಹಾಕುತ್ತಾ. "ಮಣ್ಣು ಸರಿಯಾಯ್ತು, ಅದು ನನಗೂ ಗೊತ್ತುಂಟು. ಹೊಸಬರು ಎಂತ ಬೇಕಾದ್ರೂ ಬೆಳೀಲಿ. ಮೂಲೆಯಲ್ಲಿ ಒಂದು ಪುಂಡಿ ಗಿಡ ಬಿಟ್ರೆ ಸಾಕು. ಅಕ್ಕ ಇನ್ನೊಮ್ಮೆ ಬಂದ್ರೆ ಬರಿಗೈಯಲ್ಲಿ ಹೋಗ್ಬಾರ್ದು."