ಬಾಗಿಲು ಅಗಲವಾದ ಲಿಫ್ಟು

ಇವತ್ತು ಬೆಳಿಗ್ಗೆ ಠಾಣೆಯ ವರ್ತಕ ನಗರದಲ್ಲಿರುವ ನಮ್ಮ ಕಟ್ಟಡದ ಲಿಫ್ಟಿಗೆ ಹೊಸದಾಗಿ ಗ್ರೀಸ್ ಬಳಿದಿದ್ದರು. ಆ ವಾಸನೆಗೆ ಕೆಲವರಿಗೆ ತಲೆನೋವು ಬರುತ್ತದೆ. ನನಗೆ ಸುಧಾಕರ ಸರ್ ನೆನಪಾಗುತ್ತಾರೆ.

ನವಿ ಮುಂಬಯಿಯಲ್ಲಿ ಆಸ್ಪತ್ರೆಗಳಿಗೆ ಲಿಫ್ಟ್ ವಿನ್ಯಾಸ ಮಾಡುವ ಸಣ್ಣ ಕಚೇರಿ ನಮ್ಮದು. ಕುಂದಾಪುರದ ಕಡೆಯವರಾದ ಸರ್ ಆಗ ಅದರ ಮುಖ್ಯಸ್ಥರು. ನಾನು ಬಾಗಿಲಿನ ಎಂಜಿನಿಯರ್. ನೆಂಟರು ಕೇಳಿದರೆ ಲಿಫ್ಟ್ ಮಾಡುತ್ತೇನೆ ಎನ್ನುತ್ತಿದ್ದೆ; ಬಾಗಿಲು ಎಂದರೆ ಬಡಗಿ ಎಂದುಕೊಂಡಾರು ಎಂಬ ಅಂಜಿಕೆ. ನಮ್ಮ ಕೆಲಸ ಬಹಳ ಜಟಿಲ ಎಂಬ ಜಂಬವೂ ಇತ್ತೆನ್ನಿ. ಯಾವ ಬದಲಾವಣೆಯನ್ನಾದರೂ ಸರ್‌ಗೆ ಹೇಳುವುದು, ಅವರು ಬೇಕಾದವರಿಗೆ ತಿಳಿಸುವುದು, ಇದೇ ಪದ್ಧತಿ.

ಕಲ್ಯಾಣದ ಒಂದು ಆಸ್ಪತ್ರೆಯ ಲಿಫ್ಟು ಪರೀಕ್ಷೆಯೂ ಮುಗಿದು ಸಿದ್ಧವಾಗಿತ್ತು. ಆಮೇಲೆ ಆಸ್ಪತ್ರೆಯವರು, ಸ್ಟ್ರೆಚರ್ ಸರಾಗವಾಗಿ ಹೋಗಲೆಂದು, ಬಾಗಿಲನ್ನು ಅಗಲ ಮಾಡಿಸಿದರು. ಲಿಫ್ಟನ್ನು ಅವರಿಗೆ ಒಪ್ಪಿಸುವ ಹಿಂದಿನ ದಿನ ಸರ್ ಗೋಡೆಗೆ ದೊಡ್ಡ ಹಾಳೆ ಅಂಟಿಸಿ, ನಮ್ಮೆಲ್ಲರ ಹೆಸರು ಬರೆದು ಕರೆದರು. ಪ್ರತಿ ಸಲವೂ ಕೆಲಸ ಯಾಕೆ ಸಿಕ್ಕಾಗುತ್ತದೆ ಎಂದು ಅಳೆದು ನೋಡಬೇಕಿತ್ತಂತೆ.

"ಲಿಫ್ಟಿಗೆ ಭಾಗ ಎಷ್ಟುಂಟು ಅಂತ ಲೆಕ್ಕ ಹಾಕಿ ಪ್ರಯೋಜನ ಇಲ್ಲ ಮಾರಾಯ್ರೆ. ಈ ಕೆಲಸದ ಬಗ್ಗೆ ಯಾರು ಯಾರ ಹತ್ರ ಮಾತಾಡಿದ್ದೀರಿ, ಅದಕ್ಕೊಂದು ಗೆರೆ ಎಳೀರಿ."

ಎಳೆದೆವು. ಗೆರೆಗಳೆಲ್ಲ ಹೋಗಿ ಸರ್ ಹೆಸರಿಗೇ ಸೇರಿದವು. ಪಕ್ಕದಲ್ಲಿ ಬ್ರೇಕ್ ನೋಡಿಕೊಳ್ಳುವ ಕವಿತಾ ನಿಂತಿದ್ದಳು. ಕಲಬುರಗಿಯವರ ಮಗಳು, ಹುಟ್ಟಿದ್ದು ಡೊಂಬಿವಲಿಯಲ್ಲಿ. ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರಿಸುತ್ತಾಳೆ. ಠಾಣೆಯಿಂದ ದಿನಾ ಒಂದೇ ಲೋಕಲ್ ರೈಲಿನಲ್ಲಿ ಹೋಗುತ್ತ ನಾವಿಬ್ಬರೂ ಸೀರೆಯಿಂದ ಹಿಡಿದು ಸೀರಿಯಲ್‌ವರೆಗೆ ಮಾತಾಡಿದ್ದೆವು.

"ಬಾಗಿಲಿನ ತೂಕ ಹೆಚ್ಚಾಗಿದ್ದು ನಿಂಗೆ ಗೊತ್ತುಂಟಲ್ಲ?" ಎಂದೆ, ಸುಮ್ಮನೆ.

"ಕೌನ್ಸಾ ವಜನ್? ಮುಝೆ ಕಿಸೀನೆ ಬತಾಯಾ ಹೀ ನಹೀ."

ಯಾರೂ ಅವಳಿಗೆ ಹೇಳಿರಲಿಲ್ಲ; ಬ್ರೇಕ್ ಇನ್ನೂ ಹಳೆಯ ತೂಕಕ್ಕೇ ಹೊಂದಿಸಿದ್ದಾಗಿತ್ತು. ಸರ್ ಹಾಳೆಯಲ್ಲಿ ತಮ್ಮ ಹೆಸರಿನತ್ತ ನೋಡಿದರು. "ಹೇಳಿದ್ದೇನೆ ಅಂತಲೇ ಎಣಿಸಿದ್ದೆ," ಎಂದರು.

ಮಧ್ಯಾಹ್ನವೇ ಕಲ್ಯಾಣಕ್ಕೆ ಓಡಿದೆವು. ಲಿಫ್ಟಿನೊಳಗೆ ಪೂರ್ತಿ ಭಾರಕ್ಕೆ ಮರಳಿನ ಚೀಲ ತುಂಬಿಸಿ ಕೆಳಗಿಳಿಸಿದರು. ಅದು ನಾವು ನಿಂತಿದ್ದ ಮಹಡಿಗೆ ಬಂದು ನಿಂತಿತು, ಬಾಗಿಲು ತೆರೆಯಿತು. ನಾನು ಉಸಿರು ಬಿಟ್ಟೆ. ಮರುಕ್ಷಣ, ತೆರೆದ ಬಾಗಿಲಿನೊಂದಿಗೇ, ಸದ್ದಿಲ್ಲದೆ, ಅದು ನಿಧಾನವಾಗಿ ಕೆಳಕ್ಕೆ ಜಾರತೊಡಗಿತು. ಅರ್ಧ ಒಳಗೆ, ಅರ್ಧ ಹೊರಗೆ ಇರುವ ಸ್ಟ್ರೆಚರೊಂದು ಕಣ್ಣಿಗೆ ಕಟ್ಟಿತು. ಕವಿತಾ ನನ್ನ ಮಣಿಕಟ್ಟು ಹಿಡಿದದ್ದು ಆಮೇಲೆ ನೋವಾದಾಗಲೇ ಗೊತ್ತಾದದ್ದು. ಸರ್ ರೋಗಿಗಳ ಬೆಂಚಿನ ಮೇಲೆ ಕುಸಿದು ಕೂತರು.

ಬ್ರೇಕ್ ಬದಲಾಗುವವರೆಗೆ ಲಿಫ್ಟಿಗೆ ಬೀಗ ಬಿತ್ತು. ಮರುದಿನ ಸರ್ ಹೇಳಿದ್ದು ಇಷ್ಟೇ: "ಇನ್ನು ನೀವು ನೀವೇ ಮಾತಾಡಿ. ಆಮೇಲೆ ನನಗೆ ತಿಳಿಸಿ, ಸಾಕು." ಮೊದಮೊದಲು ಗದ್ದಲ, ಜಗಳ. ಬರಬರುತ್ತ ಕೆಲಸ ಹಗುರವಾಯಿತು. ಅವರು ನಿವೃತ್ತರಾದ ಮೇಲೆ ಆ ಕುರ್ಚಿಯಲ್ಲಿ ನಾನು ಕೂತೆ.

ಇವತ್ತು ಹೊಸದಾಗಿ ಸೇರಿದ ಸ್ನೇಹಲ್ ಬಂದು, "ಮೇಡಂ, ಪೆಹಲೆ ಆಪ್ ಸೆ ಹೀ ಪೂಛ್ ಲೂಂ ಸೋಚಾ," ಎಂದಳು. ಬ್ರೇಕಿನ ಒಂದು ವಿಷಯ; ಎಲ್ಲರನ್ನೂ ಬಿಟ್ಟು ಮೊದಲು ನನ್ನನ್ನೇ ಕೇಳಲು ಬಂದಿದ್ದಳು. ಎಷ್ಟು ಹಿತವಾಯಿತೆಂದರೆ, ಆ ಹಿತಕ್ಕೇ ಬೆಚ್ಚಿಬಿದ್ದೆ. ಅವಳನ್ನು ಕವಿತಾಳ ಮೇಜಿಗೆ ಕಳಿಸಿದೆ. ಅವಳ ಹಿಂದೆಯೇ ನಾನೂ ಎದ್ದು ಹೋಗದಿರಲು ಕುರ್ಚಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳಬೇಕಾಯಿತು.