ಸರ್ವೇ ಅಕ್ಕಾರು ತಂದ ಶೇಂಗಾ

ಸರ್ವೇ ಅಕ್ಕಾರ ಮುಖಕ್ಕೆ ಎರಡು ಬಣ್ಣವಿತ್ತು. ಕಣ್ಣಿನ ಸುತ್ತ ಒಂದು ಪಟ್ಟಿ ಹೊತ್ತಿದ ರೊಟ್ಟಿಯ ಕಪ್ಪು, ಅದರ ಮೇಲೆ ಕೆಳಗೆ ಎಲ್ಲ ಗೋಧಿ ಬಣ್ಣ. ಸ್ಕೂಟಿ ಮೇಲೆ ಬರುವಾಗ ಕಣ್ಣಷ್ಟೇ ಕಾಣುವಂತೆ ಸ್ಕಾರ್ಫ್ ಬಿಗಿದಿರುತ್ತಿದ್ದರು. ಹೀಗಾಗಿ ನಮ್ಮ ಕಡೆಯ ಬಿಸಿಲಿಗೆ ಸಿಕ್ಕಿದ್ದು ಅಷ್ಟೇ ಜಾಗ, ಅದು ತನ್ನ ಸಿಟ್ಟನ್ನೆಲ್ಲ ಅಲ್ಲೇ ತೀರಿಸಿಕೊಂಡಿತ್ತು. ಮೊದಲ ಸಲ ನಮ್ಮ ಕಟ್ಟೆಯ ಮೇಲೆ ಕೂತು ಸ್ಕಾರ್ಫ್ ಬಿಚ್ಚಿದಾಗ, ಒಳಗೊಂದು ಕರಿ ಕನ್ನಡಕ ಇದೆ, ಅದನ್ನೂ ಈಗ ತೆಗೆಯುತ್ತಾರೆ ಎಂದು ನಾನು ಕಾದೇ ಕಾದೆ.

ನಾವಿರುವುದು ತಿಕೋಟಾದಲ್ಲಿ. ನಾನು ದಿನಾ ಬಸ್ಸಿನಲ್ಲಿ ವಿಜಯಪುರಕ್ಕೆ ಹೋಗಿ ಪಿಯುಸಿ ಓದುವವನು, ಅಂದರೆ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ತಿಳಿದವನು. ಉಳಿದವರು ಮೂವರು: ಅಪ್ಪನ ತಾಯಿ ಆಯಿ, ನಮ್ಮವ್ವ, ಮತ್ತು ಗೊಬ್ಬರದ ಅಂಗಡಿಯ ಕೆಲಸಕ್ಕೆ ಬೆಳಿಗ್ಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುವ ಅಪ್ಪ.

ಅಕ್ಕಾರು ಬಬಲೇಶ್ವರದ ಕಡೆ ಜೈನಾಪುರದವರು. ದೇಶದ ತುಂಬ ನಡೆಯುವ ಒಂದು ಸಮೀಕ್ಷೆಗೆ ನಮ್ಮ ಭಾಗದ ಮನೆ ಮನೆ ತಿರುಗುವ ಕೆಲಸ ಅವರದು. ಜನ ಏನು ಕುಡಿಯುತ್ತಾರೆ, ಏನು ಜಗಿಯುತ್ತಾರೆ, ನಿದ್ದೆ ಬರುತ್ತದೋ ಇಲ್ಲವೋ, ಬದುಕು ಬೇಸರವಾಗಿದೆಯೋ ಹೇಗೆ, ಇದನ್ನೆಲ್ಲ ಕೇಳಿ ಟ್ಯಾಬಿನಲ್ಲಿ ತುಂಬಬೇಕು. ನಮ್ಮ ಕಡೆ ಯಾರ ಕೈಯಲ್ಲಾದರೂ ಟ್ಯಾಬ್ ಕಂಡರೆ ಸುದ್ದಿ ಅವರ ಸ್ಕೂಟಿಗಿಂತ ಮುಂದೆ ಓಡುತ್ತದೆ. ಹೊನವಾಡದಲ್ಲಿ ಕುಡಿಯುವವರಿಗೆ ಸರ್ಕಾರ ಏನೋ ಕೊಡುತ್ತದಂತೆ ಎಂದು ಹಬ್ಬಿತು. ಹುಟ್ಟಿದಾಗಿನಿಂದ ಮಜ್ಜಿಗೆ ಬಿಟ್ಟು ಬೇರೇನನ್ನೂ ಕುಡಿಯದ ಒಬ್ಬ ವಯಸ್ಸಾದ ಮುತ್ಯಾ ಕಟ್ಟೆ ಹತ್ತಿ ನಿಂತು, ತಾನು ಮೀಸೆ ಬರುವ ಮೊದಲಿನಿಂದಲೂ ಕುಡುಕ ಎಂದು ಸಾರಿದನಂತೆ. ಅವನ ಹೆಂಡತಿ, ಇಷ್ಟು ದಿನ ನನ್ನಿಂದ ಮುಚ್ಚಿಟ್ಟಿದ್ದೆಯಲ್ಲ ಎಂದು ಆ ದಿನ ರೊಟ್ಟಿ ಬಡಿಯಲಿಲ್ಲವಂತೆ. ಕಳ್ಳಕವಟಗಿಯಲ್ಲಿ ಉಲ್ಟಾ. ಚಟ ಇದ್ದವರ ರೇಷನ್ ಕಾರ್ಡು ರದ್ದು ಎಂದು ಯಾರೋ ಹೇಳಿದರು, ಮಧ್ಯಾಹ್ನದೊಳಗೆ ಊರಿಗೆ ಊರೇ ಸಾಧುವಾಯಿತು. ಅವರ ಬೆನ್ನ ಹಿಂದಿನ ಗೋಡೆಗೆ ಉಗುಳಿದ ಕೆಂಪು ಕಲೆಗಳು ಮಾತ್ರ ಒಪ್ಪಲಿಲ್ಲ. ಇವೆಲ್ಲ ಅಕ್ಕಾರು ಹೇಳಿದ್ದಲ್ಲ. ಬಸ್ಸಿನಲ್ಲಿ ಗೆಳೆಯರು ಹೇಳಿದ್ದು, ನಾನು ಉಪ್ಪು ಖಾರ ಹಾಕಿದ್ದು. ಅಕ್ಕಾರ ಬಾಯಿಂದ ಇನ್ನೊಬ್ಬರ ಮನೆಯ ಮಾತು ಬಿದ್ದದ್ದನ್ನು ಕಂಡವರಿಲ್ಲ.

ಅವರಿಗೆ ಕೆಲವು ಪದ್ಧತಿಗಳಿದ್ದವು. ಯಾರ ಮನೆಯಲ್ಲೂ ಚಹಾ ಬೇಡ ಎನ್ನುತ್ತಿರಲಿಲ್ಲ. ಚಹಾ ಬೇಡ ಎಂದ ಮನೆಯಲ್ಲಿ ಮಾತೂ ಸಿಗುವುದಿಲ್ಲ ಎಂಬುದು ಅವರ ಸಿದ್ಧಾಂತ. ನನ್ನ ಅಂದಾಜಿನ ಪ್ರಕಾರ ಸಂಜೆಯ ಹೊತ್ತಿಗೆ ಅವರ ಹೊಟ್ಟೆಯಲ್ಲಿ ಡೋಣಿ ನದಿಯಲ್ಲಿ ಇರುವುದಕ್ಕಿಂತ ಹೆಚ್ಚು ನೀರಿರುತ್ತಿತ್ತು. ಎಂಥ ಉತ್ತರ ಬಂದರೂ ಮುಖ ಅಲುಗುತ್ತಿರಲಿಲ್ಲ. "ದಿನಾ ಒಂದು ಕ್ವಾಟರ್" ಎಂದರೂ ಅದೇ ಮುಖ, "ದಿನಾ ಶಿವಪೂಜೆ" ಎಂದರೂ ಅದೇ ಮುಖ. ಇನ್ನೊಂದು, ತಂಬಾಕು ತಿನ್ನುತ್ತೀರಾ ಎಂದು ಅವರು ಒಮ್ಮೆ ಕೇಳಿ ಬಿಡುತ್ತಿರಲಿಲ್ಲ. ಯಾಕೆ ಎಂದು ನಮ್ಮ ಮನೆಯಲ್ಲೇ ಗೊತ್ತಾಯಿತು.

"ತಂಬಾಕ?" ಎಂದಳು ಆಯಿ, ಹಾವು ಕಂಡವಳಂತೆ. "ನಮ್ಮ ಮನ್ಯಾಗ ಅದರ ಹೆಸರ ಸೈತ ತಗೊಳಂಗಿಲ್ಲ ಬೇ."

ಹೇಳುವಾಗ ಆಕೆಯ ತೋರುಬೆರಳು ಬುಡದವರೆಗೆ ಕಪ್ಪಾಗಿತ್ತು, ಹಲ್ಲು ಇದ್ದಿಲಾಗಿತ್ತು, ಬಾಯಿ ತುಂಬ ಮಿಶ್ರಿ. ಮಿಶ್ರಿ ಅಂದರೆ ತಂಬಾಕಿನ ಎಲೆಯನ್ನು ಹಂಚಿನ ಮೇಲೆ ಕಪ್ಪಾಗುವವರೆಗೆ ಹುರಿದು ಮಾಡಿದ ಪುಡಿ. ನಮ್ಮ ಓಣಿಯ ಹೆಣ್ಣುಮಕ್ಕಳಿಗೆ ಅದು ತಂಬಾಕಲ್ಲ, ಹಲ್ಲಿಗೆ ಹಚ್ಚುವ ಔಷಧ. ದಿನಕ್ಕೆ ಎಷ್ಟು ಸಲ ಹಲ್ಲು ತಿಕ್ಕುತ್ತಾರೆ ಎಂದರೆ, ಆ ಲೆಕ್ಕದಲ್ಲಿ ನಮ್ಮೂರಿನವರ ಹಲ್ಲು ಇಷ್ಟೊತ್ತಿಗೆ ತಿಕ್ಕಿ ತಿಕ್ಕಿ ಮಾಯವಾಗಬೇಕಿತ್ತು.

ಅಕ್ಕಾರು ನಗಲಿಲ್ಲ. "ಹೌದ್ರಿ ಆಯಿ. ಮತ್ತ ಹಲ್ಲಿಗೆ ಏನ ಹಚ್ಚತೀರಿ?" ಎಂದರು. ಆಯಿ ಸಂತೋಷದಿಂದ ಡಬ್ಬಿ ತೆಗೆದು, ತಗೋ, ನೀನೂ ಒಂದೀಟು ಹಚ್ಚಿಕೋ ಎಂದು ಮುಂದೆ ಹಿಡಿದಳು.

ಆಮೇಲೆ ಟ್ಯಾಬಿನಲ್ಲಿ ಮನೆಯವರ ಹೆಸರೆಲ್ಲ ಹಾಕಿದರು. ಟ್ಯಾಬು ಚೀಟಿ ಎತ್ತಿದ ಹಾಗೆ ಒಬ್ಬರನ್ನು ಆರಿಸುತ್ತದೆ, ದೊಡ್ಡ ಪ್ರಶ್ನೆಗಳೆಲ್ಲ ಅವರಿಗೇ. ನಾನು ಕೂದಲು ಸರಿಮಾಡಿಕೊಂಡೆ. ಹದಿನೆಂಟು ತುಂಬಿಲ್ಲವೆಂದು ನನ್ನನ್ನು ಚೀಟಿಗೇ ಹಾಕಿರಲಿಲ್ಲ. ದೇಶಕ್ಕೆ ನಷ್ಟ.

ಬಂದದ್ದು ಅವ್ವನ ಹೆಸರು.

ಅವ್ವನ ಬಗ್ಗೆ ಹೇಳಬೇಕು. ಅವ್ವ ಮೊದಲು ನಾನು ಜೋಕು ಹೊಡೆದರೆ ಕೈಗೆ ಸಿಕ್ಕಿದ್ದನ್ನು ಎಸೆಯುತ್ತಿದ್ದಳು. ಲಟ್ಟಣಿಗೆ, ಬದನೆಕಾಯಿ, ಒಮ್ಮೆ ತುಂಬಿದ ಮೊಸರಿನ ಗಡಿಗೆ. ಗುರಿ ಎಂದೂ ತಪ್ಪಿರಲಿಲ್ಲ. ಆ ವರ್ಷ ಎಸೆಯುವುದನ್ನು ಬಿಟ್ಟಳು. ಪಲ್ಯಕ್ಕೆ ಒಂದು ದಿನ ಎರಡೆರಡು ಸಲ ಉಪ್ಪು, ಮರುದಿನ ಉಪ್ಪೇ ಇಲ್ಲ. ಹಿತ್ತಲ ಕಲ್ಲಿನ ಮೇಲೆ ಮಿಶ್ರಿ ಡಬ್ಬಿ ಹಿಡಿದು ಕೂತರೆ ಒಳಗೆ ಹಾಲು ಉಕ್ಕಿ ಒಲೆ ಆರಿದರೂ ಏಳುತ್ತಿರಲಿಲ್ಲ. ಆಯಿಯ ಒಂದು ಡಬ್ಬಿ ಮುಗಿಯುವುದರಲ್ಲಿ ಅವ್ವನದು ಮೂರು ಮುಗಿಯುತ್ತಿತ್ತು. ಬೆಳಿಗ್ಗೆ ಕಣ್ಣು ನೋಡಿದರೆ ನಿದ್ದೆ ಇಲ್ಲವೆಂದು ಕುರುಡನಿಗೂ ತಿಳಿಯುತ್ತಿತ್ತು. ನಮಗೆ ತಿಳಿದಿತ್ತು, ಆದರೆ ಕೇಳುವುದು ಹೇಗೆ ಎಂದು ತಿಳಿದಿರಲಿಲ್ಲ.

ಅಕ್ಕಾರು ಅವ್ವನನ್ನು ಒಬ್ಬಳನ್ನೇ ಕೂರಿಸಿ ಕೇಳಬೇಕು ಎಂದರು. ಒಬ್ಬಳನ್ನೇ ಎಂಬ ಪದ ನಮ್ಮ ಮನೆಗೆ ಹೊಸದು. ಬಂದವರ ಹತ್ತಿರ ಸೊಸೆಯೊಬ್ಬಳನ್ನೇ ಬಿಟ್ಟು ಎದ್ದು ಹೋದರೆ ಬಂದವರಿಗೆ ಅವಮಾನ ಎಂದು ಆಯಿಯ ನಂಬಿಕೆ. ಆಕೆ ಇಬ್ಬರ ನಡುವೆ ಮದುವೆ ಹಂದರದ ಹಾಲಗಂಬದಂತೆ ಕೂತಳು. ನಿದ್ದೆ ಬರುತ್ತದೆಯೇ ಎಂದು ಅಕ್ಕಾರು ಕೇಳಿದರೆ, "ಯಾಕ ಬರಂಗಿಲ್ಲ? ಹಾಸಿಗಿ ಕೊಟ್ಟಿಲ್ಲೇನ?" ಎಂದು ಆಯಿ ಉತ್ತರಿಸಿದಳು. ಬೇಸರವಾಗುತ್ತದೆಯೇ ಎಂದರೆ, ಟಿವಿ ಇದೆ ಎಂದಳು. ಅವ್ವ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಎಲ್ಲದಕ್ಕೂ ತಲೆಯಾಡಿಸಿದಳು.

ಅಕ್ಕಾರು ಟ್ಯಾಬ್ ಮುಚ್ಚಿದರು. ಇವಳ ಬದಲು ನನ್ನನ್ನೇ ಬರೆದುಕೋ, ನನಗೆ ಎಲ್ಲ ಗೊತ್ತು ಎಂದು ಆಯಿ ಅಂದಾಗ ಅವರು ಹೇಳಿದ ಮಾತು ನನಗೆ ಇನ್ನೂ ನೆನಪಿದೆ. "ಆಯಿ, ಜ್ವಾಳದ ರಾಶಿ ನೋಡಾಕ ಬಂದ ವ್ಯಾಪಾರಿ ಮ್ಯಾಲಿನ ಹಿಡಿ ತಗೊಂಡು ನೋಡಿದ್ರ ರಾಶಿ ಎಲ್ಲಾ ಛಲೋನ ಕಾಣತೈತಿ. ಮೊಣಕೈತನಕ ಕೈ ಹಾಕಬೇಕ್ರಿ. ಕೈಗೆ ಬಂದಿದ್ದ ಕಾಳು ಬಿಟ್ಟು ಬ್ಯಾರೆ ಕಾಳು ತಗೊಂಡ್ರ ದೇಶದ ಲೆಕ್ಕನ ಸುಳ್ಳಾಗತೈತಿ."

ಆಯಿ ಒಪ್ಪಿದಳು. ರಾಶಿಯ ವಿಷಯದಲ್ಲಿ ಯಾರಿಗೂ ಮೋಸವಾಗಬಾರದು. ಆದರೆ ಎದ್ದು ಹೋಗಲಿಲ್ಲ.

ಇನ್ನೊಂದು ದಿನ ಅಕ್ಕಾರು ಬಂದಾಗ, ನಾವು ಕಾಕು ಎಂದು ಕರೆಯುವ ಎದುರು ಮನೆಯಾಕೆಯೂ ಬಂದಳು. ಕಾಳು ಹಸನು ಮಾಡುವ ನೆಪದಲ್ಲಿ ಮೊರ ಹಿಡಿದುಕೊಂಡು ಬಂದು ಪಡಸಾಲೆಯ ನಡುವೆ ಕೂತಳು. ಆಕೆಯ ಕಿವಿ ಎಷ್ಟು ಚುರುಕೆಂದರೆ ಬಬಲೇಶ್ವರದಲ್ಲಿ ಯಾರಾದರೂ ಆಕಳಿಸಿದರೆ ತಿಕೋಟಾದಲ್ಲಿ ಕೂತು ಯಾರದೆಂದು ಹೇಳುತ್ತಾಳೆ. ಆ ದಿನವೂ ಆಗಲಿಲ್ಲ. ಹೋಗುವಾಗ ಅಕ್ಕಾರು, ಇನ್ನೊಂದೇ ಸಲ ಬರಲು ಅವಕಾಶವಿದೆ, ಆಗಲೂ ಆಗದಿದ್ದರೆ ಈ ಮನೆಯ ಉತ್ತರ ಸಿಗಲಿಲ್ಲ ಎಂದು ಮುಗಿಸಬೇಕಾಗುತ್ತದೆ ಎಂದರು. ಅದನ್ನು ಎಲ್ಲರಿಗೂ ಹೇಳಿದರೂ ನೋಡಿದ್ದು ಅವ್ವನನ್ನು. ಅವ್ವ ಬಾಗಿಲವರೆಗೆ ಬಂದಳು. ಆ ವರ್ಷ ಅವ್ವ ಯಾರನ್ನೂ ಕಳಿಸಿಕೊಡಲು ಬಾಗಿಲವರೆಗೆ ಬಂದಿರಲಿಲ್ಲ. "ಬರ್ರಿ ಮತ್ತ" ಎಂದಳು, ಮೆಲ್ಲಗೆ.

ಕೊನೆಯ ಸಲ ಅಕ್ಕಾರು ಸ್ಕೂಟಿಯ ಮುಂದೆ ಒಂದು ಚೀಲ ಇಟ್ಟುಕೊಂಡು ಬಂದರು. ಚೀಲದ ತುಂಬ ಶೇಂಗಾ.

"ನಮ್ಮ ಹೊಲದ್ದರಿ ಆಯಿ. ನಮ್ಮವ್ವಗ ತೋಳು ನೋಯತಾವು, ಕುಟ್ಟಾಕ ಆಗವಲ್ದು. ಮಿಕ್ಸರಿನ್ಯಾಗ ಮಾಡಿದ ಚಟ್ನಿ ಹಿಂಡಿ ಆಕಿ ಬಾಯಾಗ ಇಡಂಗಿಲ್ಲ. ಒಳ್ಳಿನ್ಯಾಗ ನಿಮ್ಮಂಗ ಕುಟ್ಟವರು ಈ ಓಣ್ಯಾಗ ಯಾರೂ ಇಲ್ಲಂತ ಎಲ್ಲಾರೂ ಅಂತಾರ."

ಅವರು ಸುಳ್ಳು ಹೇಳಲಿಲ್ಲ. ಎಲ್ಲರೂ ಅನ್ನುತ್ತಾರೆ. ಎಲ್ಲರ ಬಾಯಿಂದಲೂ ಅನ್ನಿಸುವುದು ಆಯಿಯೇ. ಆಯಿ ಸೀರೆ ಎತ್ತಿ ಸಿಕ್ಕಿಸಿ ಸೈನ್ಯ ಕಟ್ಟಿದಳು. ಶೇಂಗಾ, ಮೆಣಸಿನಕಾಯಿ ಹುರಿಯಲು ಕಾಕುವನ್ನು ಹಿತ್ತಲಿಗೆ ಎಳೆದೊಯ್ದಳು. ಬೆಳ್ಳುಳ್ಳಿ ಸುಲಿಯಲು ನಾನು. ಕಲ್ಲಿನ ಒಳ್ಳಿನಲ್ಲಿ ಒನಕೆ ಬಿದ್ದದ್ದೇ ತಡ, ಧಡ್ ಧಡ್ ಸದ್ದಿಗೆ ಹಿತ್ತಲ ಬೇವಿನ ಮರದ ಕಾಗೆಗಳೆಲ್ಲ ಹೊನವಾಡದ ಕಡೆ ಹಾರಿದವು. ಒಳಗಿನ ಖೋಲಿಯಲ್ಲಿ ಅಕ್ಕಾರು ಮತ್ತು ಅವ್ವ, ಇಬ್ಬರೇ.

ನನಗೆ ಕೇಳುವ ಚಪಲ ಇರಲಿಲ್ಲ ಎಂದರೆ ಯಾರೂ ನಂಬುವುದಿಲ್ಲ. ಬೆಳ್ಳುಳ್ಳಿ ಸುಲಿಯುತ್ತಲೇ ಖೋಲಿಯ ಕಿಟಕಿಯ ಕೆಳಗೆ ಜರುಗಿದೆ. ಏನೂ ಕೇಳಲಿಲ್ಲ. ಬರೀ ಒನಕೆ. ಆಗ ಹೊಳೆಯಿತು. ಆ ಶೇಂಗಾ ತಂದದ್ದು ಆಯಿಯ ಕೈಗೆ ಕೆಲಸ ಕೊಡಲು ಮಾತ್ರ ಅಲ್ಲ, ನಮ್ಮೆಲ್ಲರ ಕಿವಿಗೆ ಅಗಳಿ ಹಾಕಲು.

ಸ್ವಲ್ಪ ಹೊತ್ತಿಗೆ ಆಯಿ ಒನಕೆ ನಿಲ್ಲಿಸಿ ಬೆವರು ಒರೆಸಿಕೊಂಡಳು. ಆ ಮೌನದಲ್ಲಿ ಒಳಗಿಂದ ಅವ್ವನ ದನಿ ಬಂತು.

"ಇದನ್ನ ನಾ ಯಾರಿಗೂ ಹೇಳಿಲ್ರಿ..."

ಅಷ್ಟೇ. ಒನಕೆ ನಿಂತದ್ದು ತಿಳಿದು ಅವ್ವನೂ ನಿಂತಳು. ಕಾಕುವಿನ ಕುತ್ತಿಗೆ ಕೊಕ್ಕರೆಯದಾಯಿತು. ನಾನು ಬೆಳ್ಳುಳ್ಳಿ ಚೆಲ್ಲಿ ಓಡಿ ಆಯಿಯ ಕೈಯಿಂದ ಒನಕೆ ಕಿತ್ತುಕೊಂಡೆ.

"ಇನ್ನೂ ದಪ್ಪ ಐತಿ ಆಯಿ."

"ಸಾಕಲೇ, ಸಣ್ಣ ಆಗೇತಿ."

"ದಪ್ಪ ಐತಿ."

ಕುಟ್ಟಿದೆ. "ಗಂಡುಹುಡುಗ ಒನಕೆ ಹಿಡಿದಾನ, ಇನ್ನು ಕುಬಸ ಒಂದು ಹೊಲಿಸಿಬಿಡ್ರಿ" ಎಂದಳು ಕಾಕು. ಕುಟ್ಟಿದೆ. ಅಂಗೈ ಗುಳ್ಳೆ ಎದ್ದು, ತೋಳು ಬಿದ್ದು ಹೋಗಿ, ಅದನ್ನು ಎತ್ತಿ ಜೋಡಿಸಿಕೊಂಡು ಮತ್ತೆ ಕುಟ್ಟಿದೆ. ಒಳ್ಳಿನಲ್ಲಿದ್ದ ಹಿಂಡಿ ಪುಡಿಯಾಗಿ, ಹಿಟ್ಟಾಗಿ, ಕೊನೆಗೆ ಎಣ್ಣೆ ಬಿಟ್ಟು ಜಿಡ್ಡು ಉಂಡೆಯಾಯಿತು. ಇನ್ನು ಸ್ವಲ್ಪ ಹೊತ್ತು ಹಾಗೇ ಬಿಟ್ಟಿದ್ದರೆ ನಾನು ತಿಕೋಟಾದಲ್ಲಿ ಬಾವಿ ತೋಡುತ್ತಿದ್ದೆ. ಖೋಲಿಯ ಬಾಗಿಲು ತೆರೆದ ಮೇಲೆಯೇ ನಿಲ್ಲಿಸಿದೆ.

ಅಕ್ಕಾರ ಮುಖದಲ್ಲಿ ಎಂದಿನಂತೆ ಏನೂ ಇರಲಿಲ್ಲ. ಅವ್ವ ಅತ್ತಿದ್ದಳು, ಆದರೆ ಹುರಿದ ಮೆಣಸಿನಕಾಯಿಯ ಘಾಟಿಗೆ ಎಲ್ಲರ ಕಣ್ಣಲ್ಲೂ ನೀರಿತ್ತು. ಹೋಗುವ ಮುಂಚೆ ಅಕ್ಕಾರು ಒಂದು ಸಣ್ಣ ಕಾಗದ ಕೊಟ್ಟರು. ಮನಸ್ಸಿನ ಡಾಕ್ಟರು ಸರ್ಕಾರಿ ದವಾಖಾನೆಯಲ್ಲಿ ಯಾವಾಗ ಸಿಗುತ್ತಾರೆ, ಫೋನಿನಲ್ಲಿ ಮಾತಾಡಲು ಯಾವ ನಂಬರು ಎಂದು ಅದರಲ್ಲಿತ್ತು. ಅವ್ವನಿಗೆ ಕೊಟ್ಟರು, ಆಯಿಗೆ ಕೊಟ್ಟರು, ಕಾಕುವಿಗೆ ಕೊಟ್ಟರು, ನನಗೂ ಕೊಟ್ಟರು. ಹೀಗೆ ಕೊಟ್ಟದ್ದರಿಂದ ಅದು ಯಾರಿಗಾಗಿ ಬಂದದ್ದೆಂದು ಕಾಕುವಿನ ಕಿವಿಗೂ ಸಿಗಲಿಲ್ಲ.

ಒಂದೆರಡು ವಾರದ ಮೇಲೆ ಕಾಲೇಜು ಮುಗಿಸಿ ಬರುವಾಗ ಅಕ್ಕಾರು ವಿಜಯಪುರದ ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತ ಸಿಕ್ಕರು. ನಾನು ಬಹಳ ಜಾಣತನದಿಂದ ಹವಾಮಾನ, ಸ್ಕೂಟಿಯ ಮೈಲೇಜು ಎಲ್ಲ ಮಾತಾಡಿ, ಆಮೇಲೆ ಅವ್ವ ಏನು ಹೇಳಿದಳು ಎಂದು ಕೇಳಿದೆ.

"ಯಾವ ಅವ್ವ?" ಎಂದರು.

ಮುಖ ಅಲುಗಲಿಲ್ಲ. ಒಂದು ಗಳಿಗೆ ನನಗೇ ಅವ್ವ ಇದ್ದಾಳೋ ಇಲ್ಲವೋ ಎಂದು ಅನುಮಾನ ಬಂತು. ಚಹಾ ಮುಗಿಸಿ ಸ್ಕಾರ್ಫ್ ಕಟ್ಟಿಕೊಳ್ಳುತ್ತ ಹೇಳಿದರು: "ಹಿಂಡಿ ಮಾತ್ರ ನೆನಪೈತಿ ತಮ್ಮಾ. ಎಣ್ಣಿ ಬಿಟ್ಟಿತ್ತು. ನಮ್ಮವ್ವ ಹೊಲಕ್ಕ ಗೊಬ್ಬರಾ ಅಂದ್ಲು." ಸ್ಕೂಟಿ ಚಾಲೂ ಮಾಡಿ, ಮತ್ತೆ ನಿಲ್ಲಿಸಿದರು. "ಕೇಳಬೇಕನಸಿದ್ರ ನೀನ ಕೇಳು. ಕೇಳಿ, ಆಮ್ಯಾಲ ಬಾಯಿ ಮುಚ್ಚಗೊಂಡು ಕೂಡು. ನಿನಗ ಅದ ತ್ರಾಸ."

ನಿಜವಾಗಿಯೂ ಅದೇ ತ್ರಾಸ. ಆದರೂ ಹಿತ್ತಲ ಕಲ್ಲಿನ ಮೇಲೆ ಅವ್ವನ ಪಕ್ಕ ಕೂತು, ನಿದ್ದೆ ಬರುತ್ತದೆಯೇನವ್ವ ಎಂದು ಕೇಳಿದೆ. ಕೇಳಿ ಬಾಯಿ ಮುಚ್ಚಿದೆ. ನನ್ನ ಬಾಯಿ ಹುಟ್ಟಿದ ಮೇಲೆ ಅಷ್ಟು ಹೊತ್ತು ಮುಚ್ಚಿದ್ದು ಅದೇ ಮೊದಲು. ಅವ್ವ ಬಹಳ ಹೊತ್ತಿನ ಮೇಲೆ ಇಲ್ಲ ಎಂದಳು. ಆಮೇಲೆ, ಬುಧವಾರ ದವಾಖಾನೆಗೆ ಜೊತೆಗೆ ಬರುತ್ತೀಯಾ ಎಂದಳು. ಹೋದೆವು. ಅಪ್ಪನಿಗೆ ಅವ್ವನೇ ಹೇಳಿದಳು. ಎದುರು ಮನೆಯ ಕಾಕುವಿಗೆ ಮಾತ್ರ ನನ್ನ ತಲೆ ತೋರಿಸಲು ಹೋಗಿದ್ದೆವು ಎಂದು ಹೇಳಿದೆ, ಆಕೆ ತಕ್ಷಣ ನಂಬಿದಳು.

ಎಲ್ಲ ಸರಿಹೋಯಿತು ಎನ್ನಲಾರೆ. ಮಿಶ್ರಿ ಡಬ್ಬಿ ಇನ್ನೂ ಇದೆ, ನಿಧಾನ ಖಾಲಿಯಾಗುತ್ತದೆ. ಆದರೆ ಒಂದು ಬೆಳಿಗ್ಗೆ ನಾನು ಪಲ್ಯದ ಉಪ್ಪಿನ ಬಗ್ಗೆ ಏನೋ ಅಂದೆ, ಲಟ್ಟಣಿಗೆ ಹಾರಿ ಬಂದು ನೇರ ಮೊಣಕಾಲಿಗೆ ಬಿತ್ತು. ಮೂರು ದಿನ ಕುಂಟಿದೆ. ಕಾಲೇಜಿನಲ್ಲಿ ಎಲ್ಲರಿಗೂ ತೋರಿಸಿದೆ. ಅಷ್ಟು ಚಂದದ ಗಾಯ ನನಗೆ ಆಗಿರಲಿಲ್ಲ.

ಅಕ್ಕಾರ ಸಮೀಕ್ಷೆ ಮುಗಿಯಿತು. ಈಗ ಬೇರೆ ಯಾವುದೋ ಸಮೀಕ್ಷೆಗೆ ಬೇರೆ ತಾಲೂಕು ತಿರುಗುತ್ತಿದ್ದಾರಂತೆ, ಕಣ್ಣಿನ ಪಟ್ಟಿ ಇನ್ನಷ್ಟು ಕಪ್ಪಾಗಿರಬೇಕು. ದೇಶದ ಲೆಕ್ಕ ಬಂದಾಗ ಅದರಲ್ಲಿ ಅವ್ವನ ಹೆಸರಿರುವುದಿಲ್ಲ. ರಾಶಿಯಲ್ಲಿ ಒಂದು ಕಾಳಾಗಿ ಇರುತ್ತಾಳೆ. ಸುಳ್ಳಲ್ಲದ ಕಾಳು.

ಮೊನ್ನೆ ಸಂಜೆ ಅವ್ವ ಫೋನು ಹಿಡಿದು ಒಳಗಿನ ಖೋಲಿಗೆ ಹೋದಳು. ಆ ನಂಬರಿಗೆ ಆಕೆ ಆಗಾಗ ಮಾತಾಡುತ್ತಾಳೆ. ನಾನು ರೂಢಿಯಂತೆ ಹಿತ್ತಲಿಗೆ ಹೋಗಿ ಒನಕೆ ಎತ್ತಿದೆ. ಶೇಂಗಾ ಮುಗಿದಿತ್ತು, ಬರೀ ಒಳ್ಳನ್ನೇ ಕುಟ್ಟತೊಡಗಿದೆ. ಆಯಿ ಬಂದು ಬಗ್ಗಿ ನೋಡಿದಳು.

"ಲೇ, ಒಳ್ಳಿನ್ಯಾಗ ಏನೂ ಇಲ್ಲಲೇ."

ತೋಳಿಗೆ ವ್ಯಾಯಾಮ ಎಂದೆ. ಆಯಿ ನನ್ನನ್ನು ನೋಡಿದಳು, ಖೋಲಿಯ ಮುಚ್ಚಿದ ಬಾಗಿಲು ನೋಡಿದಳು. ಅಡಿಗೆಮನೆಗೆ ಹೋಗಿ, ಹಬ್ಬಕ್ಕೆಂದು ಮುಚ್ಚಿಟ್ಟಿದ್ದ ಶೇಂಗಾವನ್ನು ಸೆರಗಿನಲ್ಲಿ ತಂದು ಒಳ್ಳಿಗೆ ಸುರಿದಳು.

"ಬರೀ ಒಳ್ಳಿನ ಸಪ್ಪಳ ಬ್ಯಾರೆ ಇರತೈತಿ. ಆಕಿಗೆ ಒಳಗ ಗೊತ್ತಾಗತೈತಿ." ಕಾಕು ಬಂದರೆ ತಡೆಯಲು ಹಿತ್ತಲ ಬಾಗಿಲಿಗೆ ಅಡ್ಡ ಕಾಲು ಚಾಚಿ ಕೂತಳು. "ಕುಟ್ಟು. ಎಣ್ಣಿ ಬಿಡೂತನಕ ಕುಟ್ಟಬ್ಯಾಡ. ಇದರಾಗ ಅರ್ಧಾ ಜೈನಾಪುರಕ್ಕ ಕಳಸೋದೈತಿ."